ಜೋಳದ ಬುಡದ ಮಲ್ಲಿಗೆ

ಹೈದರಾಬಾದಿಗೆ ಬಂದ ಮೊದಲ ವರ್ಷಗಳಲ್ಲಿ ದೀಪಾವಳಿ ದಾಟಿತೆಂದರೆ ನನ್ನ ಹೆಂಡತಿ ಅಡುಗೆಮನೆಯ ಮೂಲೆಯಲ್ಲಿ ಜಾಗ ಮಾಡಿ ಇಟ್ಟುಕೊಳ್ಳುತ್ತಿದ್ದಳು. ಬಾದಾಮಿ ತಾಲ್ಲೂಕಿನ ನಮ್ಮೂರಿನಿಂದ ಜೋಳದ ಚೀಲ ಬರುವ ಹೊತ್ತು ಅದು. ಪರಿಚಯದ ಲಾರಿಯವರು ಊರ ಹೊರಗೆ ಇಳಿಸಿ ಹೋಗುತ್ತಿದ್ದರು, ನಾನು ಆಟೋ ಮಾಡಿಕೊಂಡು ಹೋಗಿ ತರುತ್ತಿದ್ದೆ. ಇಲ್ಲಿ ಜೋಳ ಸಿಗುವುದಿಲ್ಲ ಅಂತಲ್ಲ. ತೆಲಂಗಾಣದವರೂ ಜೊನ್ನ ರೊಟ್ಟೆ ತಿಂದು ಬೆಳೆದವರೇ. ಆದರೂ ನಮ್ಮ ಹೊಲದ ಜೋಳ ಅಂದರೆ ಬೇರೆ. ಬಾಡಿಗೆ ಮನೆಯಲ್ಲಿ ಕೂತು ಅದರ ರೊಟ್ಟಿ ಮುರಿಯುವಾಗ, ಊರಲ್ಲಿ ನನಗೂ ಒಂದು ಪಾಲು ಇದೆ ಎಂಬ ಧೈರ್ಯ ಇರುತ್ತಿತ್ತು.

ಪಾಲು ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಅಪ್ಪ 1987ರಲ್ಲಿ ತೀರಿಕೊಂಡಾಗ ಇದ್ದದ್ದು ಎಂಟು ಎಕರೆ ಮಸಾರಿ ಹೊಲ. ನಾನು ಬ್ಯಾಂಕಿನ ನೌಕರಿಯಲ್ಲಿದ್ದೆ, ಅಣ್ಣ ಊರಲ್ಲಿದ್ದ. ಹೊಲ ಹಂಚಿಕೊಳ್ಳಲಿಲ್ಲ. ಅಣ್ಣ ಬಿತ್ತಿ ಬೆಳೆಯುವುದು, ನನ್ನ ಪಾಲಿಗೆ ಉಣ್ಣಲಿಕ್ಕೆ ಮೂರು ಚೀಲ ಜೋಳ, ಮಾರಿ ಬಂದದ್ದರಲ್ಲಿ ಒಂದಿಷ್ಟು ರೊಕ್ಕ. ಕಾಗದ ಪತ್ರ ಏನೂ ಇಲ್ಲ, ಅವ್ವನ ಎದುರಿಗೆ ಆಡಿದ ಮಾತು ಅಷ್ಟೇ.

1989ರಲ್ಲಿ ನನಗೆ ಹೈದರಾಬಾದಿಗೆ ವರ್ಗವಾಯಿತು. ಮೊದಲ ಎರಡು ವರ್ಷ ಮೂರು ಚೀಲ ಬಂತು, ಡ್ರಾಫ್ಟೂ ಬಂತು. 1992ರಲ್ಲಿ ಎರಡೇ ಚೀಲ, ಡ್ರಾಫ್ಟು ಇಲ್ಲ. 1993ರಲ್ಲಿ ಒಂದೇ ಒಂದು ಚೀಲ. ಅದರಲ್ಲೂ ಕಾಳು ಜೊಳ್ಳು. ಹೆಂಡತಿ ಮೊರದಲ್ಲಿ ಕೇರುತ್ತಾ, "ಮಳಿ ಇರಲಿಲ್ಲೇನು ಊರಾಗ?" ಅಂದಳು. ಮಳೆ ಇತ್ತು. ಅದೇ ನನ್ನ ತಲೆಯಲ್ಲಿ ಹುಳ ಬಿಟ್ಟದ್ದು.

ಹದಿನಾರಾಣೆ ಲೆಕ್ಕ ನೋಡುವ ಕೆಲಸ ನನ್ನದು. ಎಂ.ಕಾಂ. ಓದಿದವನು ಬೇರೆ. ಮಳೆ ಬಂದಿದೆ, ಬೀಜ ಗೊಬ್ಬರಕ್ಕೆ ಸಾಲ ಎತ್ತಿದ್ದಾನೆ, ಬೆಳೆ ಎಲ್ಲಿ ಹೋಯಿತು? ಸಾಲಗಾರರ ಮುಖ ನೋಡಿ ನೋಡಿ ನನಗೆ ಅಂಟಿದ್ದ ರೋಗ ಅದು, ಎಲ್ಲರ ಮೇಲೂ ಗುಮಾನಿ. ಅಣ್ಣನಿಗೆ ಒಂದು ಇನ್‌ಲ್ಯಾಂಡ್ ಪತ್ರ ಬರೆದೆ. ಎಷ್ಟು ಎಕರೆ ಬಿತ್ತಿದಿ, ಎಷ್ಟು ಚೀಲ ರಾಶಿಯಾಯಿತು, ಯಾವ ದರಕ್ಕೆ ಮಾರಿದಿ, ತಿಳಿಸು. ಬ್ಯಾಂಕಿನಿಂದ ಪಾರ್ಟಿಗೆ ಹೋಗುವ ಪತ್ರದ ಹಾಗೇ ಇತ್ತು. ಉತ್ತರ ಬರಲಿಲ್ಲ.

ಮರು ವರ್ಷ, 1994ರ ಗಣೇಶ ಚೌತಿಗೆ ಊರಿಗೆ ಹೋದೆ. ಹಬ್ಬ ನೆಪ, ಹೊಲ ಪಾಲು ಮಾಡಿಸಿಕೊಳ್ಳುವುದು ಮನಸ್ಸಿನಲ್ಲಿದ್ದದ್ದು. ಮರುದಿನ ಬೆಳಿಗ್ಗೆ ಅಣ್ಣ ಏನೂ ಮಾತಾಡದೆ, "ಬಾ, ಹೊಲಕ್ಕ ಹೋಗಿ ಬರೂಣು" ಅಂದ.

ಹೊಲದ ಬದುವಿನ ಮೇಲೆ ನಿಂತವನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಹಿಂದಿನ ವಾರ ಮಳೆಯಾಗಿ ನೆಲ ಹಸಿಯಾಗಿತ್ತು, ಕಾಲಿಗೆ ಮಣ್ಣು ಮೆತ್ತುತ್ತಿತ್ತು. ಆದರೆ ಜೋಳ ಬರಗಾಲದಲ್ಲಿ ಬಾಡಿದಂತೆ ಎಲೆ ಸುರುಳಿ ಸುತ್ತಿಕೊಂಡು, ಹಳದಿಯಾಗಿ, ಮೊಣಕಾಲುದ್ದ ನಿಂತಿತ್ತು. ಬುಡದಲ್ಲಿ ಗೇಣುದ್ದದ ಹಸಿರು ಗಿಡಗಳು ಒತ್ತಾಗಿ ಎದ್ದಿದ್ದವು. ತುದಿಯಲ್ಲಿ ಸಣ್ಣ ಸಣ್ಣ ಬಿಳಿ ಹೂವು. ನೋಡಲಿಕ್ಕೆ ಚಂದವೇ.

"ಜ್ವಾಳದ ಮಲ್ಲಿಗಿ," ಅಂದ ಅಣ್ಣ. "ಇದ ತಿಂದೈತಿ ನೋಡ ನಿನ್ನ ಪಾಲು."

ನಾನು ನಕ್ಕೆ. ಇವತ್ತಿಗೂ ಆ ನಗು ನೆನಪಾದರೆ ಮೈ ಹಿಡಿಯಾಗುತ್ತದೆ. "ಇಷ್ಟ ಸಣ್ಣ ಕಸ ಎಂಟ ಎಕರೆ ಬೆಳಿ ತಿಂತೇನು? ಕಸ ಇದ್ದರ ಆಳ ಹಚ್ಚಿ ತಗಿಸಬೇಕಿಲ್ಲ?" ಅಂದೆ. ಅಣ್ಣ ನನ್ನ ಮುಖ ನೋಡಿದ. "ಇದು ಮ್ಯಾಲ ಬರೂದ್ರಾಗ ಕೆಲಸ ಮುಗಿಸಿರತೈತಿ ತಮ್ಮಾ. ತಗದರ ಏನು ಬಂತು?" ಅಷ್ಟು ಹೇಳಿ ಮುಂದೆ ನಡೆದ. ಸೋಮಾರಿತನಕ್ಕೆ ನೆಪ ಅಂದುಕೊಂಡೆ. ಮನೆಗೆ ಬಂದು ಅವ್ವನ ಮುಂದೆ ಹಾಗೇ ಅಂದೂ ಬಿಟ್ಟೆ. ಅತ್ತಿಗಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆ ದಿನ ಅಣ್ಣ ಊಟಕ್ಕೆ ಬರಲಿಲ್ಲ.

ಹೊರಡುವಾಗ ಹಟಕ್ಕೆ ಎರಡು ಗಿಡ ಕಿತ್ತು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಇದು ನಿಜಕ್ಕೂ ಬೆಳೆ ತಿನ್ನುತ್ತದೋ ಇಲ್ಲವೋ ತಿಳಿದವರನ್ನೇ ಕೇಳೋಣ ಅಂತ. ತಿಳಿದವರು ಹತ್ತಿರದಲ್ಲೇ ಇದ್ದರು. ನಾನಾಗ ಇದ್ದ ಶಾಖೆ ಪಟಾನ್‌ಚೆರು ಕಡೆಯದು. ಅಲ್ಲಿಯೇ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಇರುವುದು, ಮಳೆ ನಂಬಿದ ಒಣ ಪ್ರದೇಶಗಳ ಬೆಳೆಗಳ ಮೇಲೆ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ. ಎರೆ ಮಣ್ಣು, ಕೆಂಪು ಮಣ್ಣು ಎರಡೂ ಒಂದೇ ಕಡೆ ಸಿಗುವ ಜಾಗ ಅದು. ಅಲ್ಲಿನ ಹೊಲಗಳಲ್ಲಿ ಕೆಲಸ ಮಾಡಿದ್ದ ತೆಲುಗಿನ ಹಿರಿಯರೊಬ್ಬರು ನಮ್ಮ ಶಾಖೆಗೆ ಪಾಸ್‌ಬುಕ್ ಬರೆಸಲು ಬರುತ್ತಿದ್ದರು. ಅವರ ಮುಂದೆ ಪೇಪರಿನ ಪೊಟ್ಟಣ ಬಿಚ್ಚಿದೆ.

ಅವರು ನೋಡಿದ್ದೇ ತಡ, ಎರಡೂ ಕೈಯಿಂದ ಮುಚ್ಚಿದರು. "ಸಾರ್, ಇದನ್ನು ಬಸ್ಸಿನಲ್ಲಿ ತಂದಿರಾ? ಎಲ್ಲೆಲ್ಲಿ ಬೀಜ ಉದುರಿಸಿಕೊಂಡು ಬಂದಿರಿ?" ಕೆಳಗಿನ ಹೂವು ಆಗಲೇ ಕಾಯಿ ಕಟ್ಟಿದ್ದನ್ನು ನಾನು ಗಮನಿಸಿರಲಿಲ್ಲ. ಶಾಖೆಯ ಹಿತ್ತಲಿಗೆ ಹೋಗಿ ಪೇಪರ್ ಸಮೇತ ಸುಟ್ಟು, ಬೂದಿ ತಣ್ಣಗಾಗುವ ತನಕ ನಿಂತರು. ನನ್ನ ಚೀಲವನ್ನೂ ಕೊಡವಿಸಿ ಆ ಕಸವನ್ನೂ ಬೆಂಕಿಗೆ ಹಾಕಿಸಿದರು. ಆಮೇಲೆ ಚಹಾ ಕುಡಿಯುತ್ತಾ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಜೊತೆಗೆ ಮುಂದೆ ನಾನೇ ಓದಿ ತಿಳಿದದ್ದೂ ಸೇರಿದೆ.

ಈ ಕಳೆಗೆ ಶಾಸ್ತ್ರದವರು ಸ್ಟ್ರೈಗಾ ಅನ್ನುತ್ತಾರೆ. ಇಂಗ್ಲಿಷಿನವರು ಇಟ್ಟ ಹೆಸರು ವಿಚ್‌ವೀಡ್, ಮಾಟಗಾತಿ ಕಳೆ. ಬೇರೆ ಕಳೆ ಬೆಳೆಯ ಪಕ್ಕದಲ್ಲಿ ನಿಂತು ನೀರು ಗೊಬ್ಬರ ಕಸಿಯುತ್ತದೆ. ಇದು ಜೋಳದ ಬೇರಿಗೇ ಬಾಯಿ ಹಾಕಿ ಹೀರುತ್ತದೆ. ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬು ಇದಕ್ಕೆ ಬೇಕಾದ ಮನೆಗಳು. ಬೀಜ ಎಷ್ಟು ಸಣ್ಣದೆಂದರೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ, ಮಣ್ಣಿನ ಧೂಳಿನಂತೆ. ಒಂದೊಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ. ಅವು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೀರಿ ಜೀವ ಹಿಡಿದುಕೊಂಡು ಕೂತಿರಬಲ್ಲವು.

ಸುಮ್ಮನೆ ಮಳೆ ಬಂತೆಂದು ಅದು ಮೊಳೆಯುವುದಿಲ್ಲ. ಒಂದೆರಡು ವಾರ ಹಸಿಯಲ್ಲಿ ನೆನೆದು ಕಾಯುತ್ತದೆ. ಹತ್ತಿರದಲ್ಲಿ ಜೋಳದ ಬೇರು ಇಳಿದು, ಆ ಬೇರು ಮಣ್ಣಿಗೆ ಬಿಡುವ ಒಂದು ರಾಸಾಯನಿಕ ತಾಗಿದರೆ ಮಾತ್ರ ಕಣ್ಣು ಬಿಡುತ್ತದೆ. ಮೊಳಕೆ ಬೇರಿಗೆ ಹೋಗಿ ಅಂಟಿಕೊಂಡು ಒಳಗೆ ಇಳಿಯುತ್ತದೆ. ಮುಂದೆ ನಾಲ್ಕಾರು ವಾರ ಅದು ನೆಲದ ಒಳಗೇ ಇರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಜೋಳದ ನೀರು, ಸಾರ ಹೀರುವುದಷ್ಟೇ ಅಲ್ಲ, ಬೆಳೆಯ ಬೆಳವಣಿಗೆಯನ್ನೇ ಕುಂಠಿತ ಮಾಡುತ್ತದೆ. ನಾವು ಹೂವು ನೋಡುವ ಹೊತ್ತಿಗೆ ಹಾನಿ ಬಹುಪಾಲು ಆಗಿ ಹೋಗಿರುತ್ತದೆ. ಅಣ್ಣ ಹೇಳಿದ ಮಾತು ಅಕ್ಷರಶಃ ನಿಜವಾಗಿತ್ತು.

"ಹಾಗಾದರೆ ಕಿತ್ತು ಏನು ಪ್ರಯೋಜನ?" ಅಂತ ನಾನೂ ಅಣ್ಣನ ಪ್ರಶ್ನೆಯನ್ನೇ ಕೇಳಿದೆ. "ಈ ವರ್ಷದ ಬೆಳೆಗೆ ಹೆಚ್ಚೇನೂ ಇಲ್ಲ ಸಾರ್. ಮುಂದಿನ ಹತ್ತು ವರ್ಷಕ್ಕೆ ಇದೆ. ಹೂ ಬಿಡುವುದಕ್ಕೆ ಮೊದಲು ಕೀಳಬೇಕು, ಕಿತ್ತದ್ದನ್ನು ಸುಡಬೇಕು. ದನಕ್ಕೆ ಹಾಕಿದರೆ ಸೆಗಣಿಯ ಜೊತೆ ತಿಪ್ಪೆಗೆ ಬಂದು, ಮತ್ತೆ ಹೊಲಕ್ಕೇ ಬರುತ್ತದೆ."

ಆಮೇಲೆ ಅವರು ಸಾಲ ಕೊಡುವ ಮುಂಚೆ ಅಧಿಕಾರಿ ಕೇಳುವ ಹಾಗೆ ಕೇಳುತ್ತಾ ಹೋದರು. ಎಷ್ಟು ವರ್ಷದಿಂದ ಜೋಳದ ಮೇಲೆ ಜೋಳ ಹಾಕುತ್ತಿದ್ದೀರಿ? ಯಾವ ಬೀಜ? ನಡುವೆ ತೊಗರಿ, ಅಲಸಂದಿ ಇದೆಯೇ? ತಿಪ್ಪೆ ಗೊಬ್ಬರ ಎಷ್ಟು ಗಾಡಿ? ಒಂದೊಂದಕ್ಕೂ ಉತ್ತರ ಹೇಳುತ್ತಾ ನನ್ನ ದನಿ ಇಳಿಯುತ್ತಾ ಬಂತು. ಯಾಕೆಂದರೆ ಅವೆಲ್ಲಾ ಅಣ್ಣನ ನಿರ್ಧಾರಗಳಾಗಿರಲಿಲ್ಲ. ನನ್ನವು.

ಅಪ್ಪನ ಕಾಲದಲ್ಲಿ ನಮ್ಮ ಹೊಲದಲ್ಲಿ ಜೋಳ ಒಂದೇ ಇರುತ್ತಿರಲಿಲ್ಲ. ಅಕ್ಕಡಿ ಸಾಲಿನಲ್ಲಿ ತೊಗರಿ, ಹೆಸರು, ಅಲಸಂದಿ. ಒಂದು ವರ್ಷ ಜೋಳ ಹಾಕಿದ ತುಂಡಿಗೆ ಮರುವರ್ಷ ಶೇಂಗಾ. ನಾನು ಬ್ಯಾಂಕು ಸೇರಿ ಹಳ್ಳಿ ಶಾಖೆಯಲ್ಲಿ ಬೆಳೆ ಸಾಲದ ಅರ್ಜಿ ನೋಡಲು ಕಲಿತ ಹೊಸತು. ಒಂದೇ ಬೆಳೆ, ಒಂದೇ ಬೀಜ, ಎಕರೆಗೆ ಇಷ್ಟು ಸಾಲ, ಇಷ್ಟು ಇಳುವರಿ, ಫಾರಂ ತುಂಬಲು ಎಷ್ಟು ಸಲೀಸು! ಅಪ್ಪ ಹೋದ ಮೇಲೆ ಅಣ್ಣನಿಗೆ ಉಪದೇಶ ಮಾಡಿದೆ: "ಈ ಕಲಬೆರಕಿ ಬ್ಯಾಸಾಯ ಬಿಡು. ಹೈಬ್ರಿಡ್ ಹಾಕು, ಪೂರ್ತಿ ಹೊಲಕ್ಕ ಜ್ವಾಳನ ಹಾಕು. ಎತ್ತು ಮಾರು, ಟ್ರ್ಯಾಕ್ಟರ್ ಬಾಡಗಿಗೆ ಸಿಗತೈತಿ." ಓದಿದ ತಮ್ಮ ಹೇಳಿದ್ದೆಂದು ಅಣ್ಣ ಹಾಗೇ ಮಾಡಿದ. ಎತ್ತು ಹೋದವು, ಗೊಬ್ಬರ ಹೋಯಿತು, ಅಕ್ಕಡಿ ಹೋಯಿತು. ಐದಾರು ವರ್ಷ ಬಿಡದೆ ಸಿಎಸ್‌ಎಚ್-1 ಜೋಳ. ನಮ್ಮ ದೇಶದ ಮೊದಲ ಹೈಬ್ರಿಡ್ ಜೋಳ ಅದು, 1964ರಲ್ಲಿ ಬಂದದ್ದು, ಇಳುವರಿಯಲ್ಲಿ ಹೆಸರು ಮಾಡಿದ್ದು.

ಅದರ ಹೆಸರು ಕೇಳಿ ಹಿರಿಯರು ನಕ್ಕುಬಿಟ್ಟರು. "ಸಾರ್, ಎಂಬತ್ತರ ದಶಕದಲ್ಲಿ ಈ ಕಳೆ ತಡೆಯುವ ಜೋಳ ಹುಡುಕುವ ಪ್ರಯೋಗದಲ್ಲಿ ನಾನಿದ್ದೆ. ಕಳೆಗೆ ಸುಲಭವಾಗಿ ಬಲಿಯಾಗುವ ತಳಿ ಅಂತ ಹೋಲಿಕೆಗೆ ನಾವು ಬಿತ್ತುತ್ತಿದ್ದದ್ದೇ ಸಿಎಸ್‌ಎಚ್-1!"

ಶೇಂಗಾ, ಹತ್ತಿ, ಸೂರ್ಯಕಾಂತಿ, ಅಲಸಂದಿ, ತೊಗರಿ ಇವುಗಳ ಬೇರೂ ಈ ಬೀಜವನ್ನು ಎಬ್ಬಿಸುತ್ತವೆ. ಆದರೆ ಎದ್ದ ಮೊಳಕೆಗೆ ಅಲ್ಲಿ ಅಂಟಿಕೊಳ್ಳಲು ಆಗುವುದಿಲ್ಲ. ನಾಲ್ಕು ದಿನದಲ್ಲಿ ಹಸಿದು ಸಾಯುತ್ತದೆ. ಅಪ್ಪನ ಅಕ್ಕಡಿ ಸಾಲು ವರ್ಷ ವರ್ಷವೂ ಹೀಗೆ ಒಂದಿಷ್ಟು ಬೀಜವನ್ನು ಖರ್ಚು ಮಾಡಿಸುತ್ತಿತ್ತು. ಬೀಜವನ್ನು ಎಬ್ಬಿಸುವ ವಸ್ತುವನ್ನು ವಿಜ್ಞಾನಿಗಳು 1966ರಲ್ಲಿ ಮೊದಲು ಬೇರ್ಪಡಿಸಿದ್ದೂ ಹತ್ತಿಯ ಬೇರಿನಿಂದಲೇ. ಬಡ ಮಣ್ಣಿನಲ್ಲಿ ಈ ಕಳೆಯ ಹಾವಳಿ ಜಾಸ್ತಿ, ಗೊಬ್ಬರ ಬಿದ್ದ ನೆಲದಲ್ಲಿ ಕಡಿಮೆ. ಅಪ್ಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಸರಿಯಾಗಿ ಮಾಡುತ್ತಿದ್ದ. ನಾನು ಗೊತ್ತಿದೆ ಅಂದುಕೊಂಡು ಕೆಡಿಸಿದೆ.

ಆ ರಾತ್ರಿ ಅಣ್ಣನಿಗೆ ನಾಲ್ಕು ಪುಟದ ಕಾಗದ ಬರೆದೆ. ಮೊದಲ ಪುಟ ಪೂರ್ತಿ ತಪ್ಪಾಯಿತು ಅನ್ನುವುದೇ. ಉಳಿದದ್ದು ಹಿರಿಯರು ಹೇಳಿದ ಪಾಠ. ಮೂರು ವರ್ಷ ಜೋಳದ ಹೆಸರೇ ಎತ್ತಬೇಡ. ಶೇಂಗಾ ಹಾಕು, ಸೂರ್ಯಕಾಂತಿ ಹಾಕು. ಆಮೇಲೆ ಜೋಳ ಹಾಕಿದರೂ ಅಕ್ಕಡಿ ಬಿಡಬೇಡ. 2,4-ಡಿ ಹೊಡೆದರೆ ಮೇಲೆ ಬಂದ ಕಳೆ ಸಾಯುತ್ತದೆ, ಆದರೆ ತೊಗರಿ, ಅಲಸಂದಿಯೂ ಸಾಯುತ್ತವೆ, ಅದಕ್ಕೆ ಕೈಯಿಂದಲೇ ಕೀಳುವುದು ಒಳ್ಳೇದು. ಎತ್ತಿಲ್ಲದಿದ್ದರೂ ಎರಡು ಎಮ್ಮೆ ಕಟ್ಟು.

ಈ ಸಲ ಉತ್ತರ ಬಂತು, ಒಂದು ಕಾರ್ಡು. "ಪತ್ರ ಓದಿಸಿ ಅವ್ವಗ ಹೇಳೀನಿ. ಶೇಂಗಾ ಬೀಜಕ್ಕ ರೊಕ್ಕ ಬೇಕು. ಕಳಿಸು." ಅಷ್ಟೇ. ನಾನು ಕಳಿಸಿದೆ. ನಮ್ಮ ಮಧ್ಯೆ ಆ ವಿಷಯದ ಮಾತು ಅಲ್ಲಿಗೆ ಮುಗಿಯಿತು, ಹೊಲ ಪಾಲು ಮಾಡುವ ಮಾತೂ ಮುಗಿಯಿತು.

ಮೂರು ವರ್ಷ ನಾವು ಹೈದರಾಬಾದಿನ ಅಂಗಡಿಯ ಜೋಳವನ್ನೇ ತಿಂದೆವು. 1998ರಲ್ಲಿ ಅಣ್ಣ ಮತ್ತೆ ಜೋಳ ಬಿತ್ತಿದ, ತೊಗರಿ ಅಲಸಂದಿ ಸಾಲು ಇಟ್ಟು. ಆ ಆಗಸ್ಟಿನಲ್ಲಿ ಹತ್ತು ದಿನ ರಜೆ ಹಾಕಿ ಹೋದೆ. ಕಳೆ ಬಂದಿತ್ತು, ಆದರೆ ಹಿಂದಿನ ಹಾಗಲ್ಲ, ಅಲ್ಲೊಂದು ಇಲ್ಲೊಂದು ಗುಂಪು. ಅಣ್ಣ, ಅತ್ತಿಗಿ, ನಾನು ಸಾಲು ಹಿಡಿದು ಬಗ್ಗಿ ಕಿತ್ತೆವು. ಎಳೆದರೆ ಪಟ್ಟನೆ ತುಂಡಾಗುತ್ತದೆ, ನೆಲದೊಳಗೆ ಬೆಳ್ಳಗಿನ ದಂಟು ಉಳಿದು ಮತ್ತೆ ಚಿಗಿಯುತ್ತದೆ. ಮಣ್ಣು ಸಡಿಲಿಸಿ ನಿಧಾನಕ್ಕೆ ತೆಗೆಯಬೇಕು. ಇವತ್ತು ಕಿತ್ತ ಸಾಲಿನಲ್ಲಿ ನಾಲ್ಕು ದಿನ ಬಿಟ್ಟು ಮತ್ತೆ ಹೊಸದು ತಲೆ ಎತ್ತಿರುತ್ತದೆ. ಮೂರನೇ ದಿನಕ್ಕೆ ನನ್ನ ಸೊಂಟ ಹೋಯಿತು. ಅಣ್ಣ, "ಸಾಹೇಬ್ರ, ಕುರ್ಚಿ ತರಿಸಲೇನು?" ಅಂದ. ನಾಲ್ಕು ವರ್ಷದಲ್ಲಿ ಅವನು ನನ್ನನ್ನು ಚೇಷ್ಟೆ ಮಾಡಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಪ್ರತಿ ವರ್ಷದ ರಜೆ ಆಗಸ್ಟಿಗೇ ಮೀಸಲಾಯಿತು. ಸಹೋದ್ಯೋಗಿಗಳು ಊಟಿ, ಕುಲು ಅಂತ ಹೋದರೆ ನಾನು ಕಸ ಕೀಳಲು ಹೋಗುತ್ತಿದ್ದೆ. ಹೈದರಾಬಾದಿಗೆ ಬಂದ ಮೇಲೂ ಈ ಕಳೆಯ ಸುದ್ದಿ ಎಲ್ಲಿ ಸಿಕ್ಕರೂ ಓದುವ ಚಟ ಬೆಳೆಯಿತು. ಓದಿದಂತೆಲ್ಲಾ ನಮ್ಮೂರ ಎಂಟು ಎಕರೆಯ ಕಷ್ಟ ಎಷ್ಟು ದೊಡ್ಡದರ ಒಂದು ತುಣುಕು ಅನ್ನುವುದು ತಿಳಿಯಿತು.

ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1956ರಲ್ಲಿ ಮೆಕ್ಕೆಜೋಳ ಕಾರಣವಿಲ್ಲದೆ ಬಾಡುತ್ತಿದ್ದಾಗ, ಅದು ಈ ಕಳೆಯೆಂದು ಗುರುತು ಹಿಡಿದದ್ದು ಅಲ್ಲಿ ಓದಲು ಹೋಗಿದ್ದ ಒಬ್ಬ ಭಾರತೀಯ ವಿದ್ಯಾರ್ಥಿ ಎಂದು ಹೇಳುತ್ತಾರೆ. ಅಷ್ಟು ದೂರ ಹೋದರೂ ಊರ ಕಸದ ಗುರುತು ಮರೆತಿರಲಿಲ್ಲ ಅವನಿಗೆ. ಅಲ್ಲಿ ಎರಡು ರಾಜ್ಯಗಳಲ್ಲಿ ಸುಮಾರು 1,75,000 ಹೆಕ್ಟೇರಿಗೆ ಹರಡಿದ್ದನ್ನು, ಮಣ್ಣು ಯಂತ್ರಗಳ ಸಾಗಣೆಗೆ ತಡೆ ಹಾಕಿ, ಕಳೆನಾಶಕ ಹೊಡೆದು, ನೆಲದೊಳಗೆ ಎಥಿಲೀನ್ ಅನಿಲ ತುಂಬಿ ಬೀಜಗಳನ್ನು ಸುಳ್ಳು ಎಚ್ಚರ ಮಾಡಿಸಿ ಸಾಯಿಸಿದರು. ಶೇಕಡಾ 99ಕ್ಕೂ ಹೆಚ್ಚು ನೆಲ ಮುಕ್ತವಾಯಿತು, ಆದರೆ ಅದಕ್ಕೆ ದಶಕಗಳೇ ಹಿಡಿದವು. ಅವರ ಸರ್ಕಾರಕ್ಕೆ ಅನಿಲ ತುಂಬುವ ಶಕ್ತಿ ಇತ್ತು. ನಮ್ಮ ಅಣ್ಣನಿಗೆ ಇದ್ದದ್ದು ಅಲಸಂದಿ.

ಆಫ್ರಿಕಾದ ರೈತರಿಗೂ ಅಷ್ಟೇ. ಅಲ್ಲಿ ಇದರ ಕಾಟ ನಮಗಿಂತ ಬಹಳ ಹೆಚ್ಚು. ಕೆನ್ಯಾದಲ್ಲಿ ನಮ್ಮ ದೇಶದಿಂದ ಹೋದ ವಿಜ್ಞಾನಿ ಜಿಯಾವುರ್ ಖಾನ್ ಮತ್ತು ಜೊತೆಗಾರರು ಜೋಳ, ಮೆಕ್ಕೆಜೋಳದ ಸಾಲಿನ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವನ್ನು ಬೆಳೆಸಿ ಈ ಕಳೆಯನ್ನು ಅಡಗಿಸುವ ದಾರಿ ತೋರಿಸಿದರು. ನನಗದು ಅಪ್ಪನ ಅಕ್ಕಡಿ ಸಾಲಿನ ಅಣ್ಣ-ತಮ್ಮನಂತೆ ಕಂಡಿತು. ಇಥಿಯೋಪಿಯಾದ ಬಡ ಮನೆಯಿಂದ ಬಂದ ಗೆಬಿಸಾ ಎಜೆಟಾ ಅವರಿಗೆ ಈ ಕಳೆ ತಡೆಯುವ ಜೋಳದ ಕೆಲಸಕ್ಕೂ ಸೇರಿ 2009ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. 2012ರಲ್ಲಿ ಸುಡಾನಿನಲ್ಲಿ ರೈತರಿಗೆ ಬಿಡುಗಡೆಯಾದ ತಡೆ ತಳಿಗಳಲ್ಲಿ ಆ ಗುಣ ಬಂದದ್ದು ಎನ್-13 ಎಂಬ ಜೋಳದಿಂದ. ಅದು ಭಾರತದ ಜೋಳ. ಇದನ್ನು ಫೋನಿನಲ್ಲಿ ಹೇಳಿದಾಗ ಅಣ್ಣ, "ಅದೂ ನಿನ್ನ ಹಾಂಗ, ಊರ ಬಿಟ್ಟು ಹೋಗಿ ಹೆಸರ ಮಾಡೇತಿ ಅನ್ನು" ಅಂದ. ಕೊಂಕೋ ಮೆಚ್ಚುಗೆಯೋ ನಾನು ಕೇಳಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು. ಜೋಳದ ಬೇರು ತನ್ನ ವೈರಿಯನ್ನು ತಾನೇ ಯಾಕೆ ಎಬ್ಬಿಸಬೇಕು? ಇದಕ್ಕೆ ಉತ್ತರ 2005ರಲ್ಲಿ ಸಿಕ್ಕಿತು. ಬೇರು ಆ ರಾಸಾಯನಿಕ ಬಿಡುವುದು ಕಳೆಗಲ್ಲ, ಮಣ್ಣಿನಲ್ಲಿರುವ ಒಂದು ಜಾತಿಯ ಶಿಲೀಂಧ್ರಕ್ಕೆ. ಆ ಶಿಲೀಂಧ್ರ ಬೇರಿಗೆ ರಂಜಕ ತಂದುಕೊಡುವ ನೆಂಟ. ಮಣ್ಣು ಬಡವಾದಷ್ಟೂ ಬೇರು ಹೆಚ್ಚು ಹೆಚ್ಚು ಕರೆಯುತ್ತದೆ. ಆ ಕರೆಯನ್ನು ಪಕ್ಕದಲ್ಲಿ ಹೊಂಚು ಹಾಕಿದ ಕಳೆಯ ಬೀಜವೂ ಕೇಳಿಸಿಕೊಳ್ಳುತ್ತದೆ. ಅಣ್ಣ ಆ ವರ್ಷಗಳಲ್ಲಿ ಕಾಗದದಲ್ಲಿ ಬರೆಯದೆ ಬಿಟ್ಟ ಕಷ್ಟ ನೆನಪಾಯಿತು. ಅವನು ನೆರವು ಕೇಳಿದ್ದರೆ ಹೋಗಬೇಕಾಗಿದ್ದವನು ನಾನು. ನಾನು ಕಳಿಸಿದ್ದು ಲೆಕ್ಕ ಕೇಳುವ ಪತ್ರ.

ಅವ್ವ 2003ರಲ್ಲಿ, ಅಣ್ಣ 2016ರಲ್ಲಿ ತೀರಿಕೊಂಡರು. ಈಗ ಅವನ ಮಗ ಹೊಲ ನೋಡುತ್ತಾನೆ. ಕಳೆ ಪೂರ್ತಿ ಹೋಗಿದೆಯೇ ಅಂದರೆ, ಇಲ್ಲ. ಒಮ್ಮೆ ಕೂತ ಬೀಜ ಸುಲಭಕ್ಕೆ ಏಳುವುದಿಲ್ಲ. ಅಣ್ಣ ಹೋದ ವರ್ಷ ದುಃಖದಲ್ಲಿ ಯಾರೂ ಕೀಳಲಿಲ್ಲ, ಮುಂದೆ ಜೋಳ ಬಂದಾಗ ಮೂಲೆಯ ತುಂಡಿನಲ್ಲಿ ಮತ್ತೆ ಬೆಳ್ಳಗಾಗಿತ್ತು. ಒಂದು ವರ್ಷದ ಅಲಕ್ಷ್ಯಕ್ಕೆ ಅದು ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಮತ್ತೆ ಶೇಂಗಾ, ಮತ್ತೆ ತೊಗರಿ, ಮತ್ತೆ ಕೀಳುವುದು. ಆದರೆ ಜೋಳ ಹಾಕಿದ ವರ್ಷ ಚೀಲ ತಪ್ಪಿಲ್ಲ. ಮನೆಯಲ್ಲಿ ಈಗ ನಾವಿಬ್ಬರೇ, ಒಂದು ಚೀಲವೇ ಹೆಚ್ಚಾಗುತ್ತದೆ. ಆದರೂ ಅವನು ಎರಡು ಕಳಿಸುತ್ತಾನೆ. ಒಂದನ್ನು ಇಲ್ಲಿನ ನಮ್ಮ ಕಡೆಯ ನಾಲ್ಕು ಮನೆಗೆ ಹಂಚುತ್ತೇವೆ.

ಓದುವವರಲ್ಲಿ ಯಾರಿಗಾದರೂ ಊರಲ್ಲಿ ಮಸಾರಿ ಹೊಲವಿದ್ದರೆ ಒಂದು ಮಾತು. ನೆಲ ಹಸಿ ಇದ್ದೂ ಜೋಳ ಬಾಡಿದ್ದು ಕಂಡರೆ ಬುಡ ನೋಡಿ. ಅಲ್ಲಿ ಏನೂ ಕಾಣದಿದ್ದರೂ ಒಂದು ಗಿಡ ಬೇರು ಸಮೇತ ಅಗೆದು ನೋಡಿ. ಹೊಲದಲ್ಲಿದ್ದವನು ಏನು ಹೇಳುತ್ತಾನೋ ಅದನ್ನು ನಗದೆ ಕೇಳಿ.

ಕಳೆದ ವಾರ ಫೋನು ಬಂತು. "ಕಾಕಾ, ಮ್ಯಾಲಿನ ತುಂಡಿನ್ಯಾಗ ತಲಿ ಎತ್ತೈತಿ. ಇನ್ನ ಹೂ ಬಿಟ್ಟಿಲ್ಲ. ನೀವು ಬರೂದು ಬ್ಯಾಡ, ಸೊಂಟ ನೋಡ್ಕೋರಿ, ನಾವ ತಗೀತೀವಿ."

ಬಾಗಲಕೋಟೆ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಕುರ್ಚಿಯ ಮೇಲೆ ಕೂತಾದರೂ ಬದುವಿನಲ್ಲಿ ಇರುತ್ತೇನೆ. ಕಿತ್ತದ್ದನ್ನು ಸುಡುವ ಕೆಲಸ ನನಗೆ ಬಿಡಲಿ.